ಎರಡು ಸಲ ಬೀಸಿ

ಲಗ್ಗೆರೆಯ ನನ್ನ ಮಿಲ್ಲಿನಲ್ಲಿ
ರಾಗಿಗೆ ಒಂದೇ ಸಲದ ಬೀಸು.
ಎರಡನೇ ಸಲಕ್ಕೆ ಹಿಟ್ಟು ಕಾದು
ಮುದ್ದೆ ಅಂಟಂಟಾಗುತ್ತದೆ,
ಉಂಡು ಬಲ್ಲವರು ಯಾರೂ ಕೇಳುವುದಿಲ್ಲ.

ಹಾಗಾಗಿ ಒಬ್ಬಳು ಡಬ್ಬಿ ಇಳಿಸಿ
ತಕ್ಕಡಿಯ ಮುಳ್ಳನ್ನೇ ನೋಡುತ್ತ
‘ಎರಡು ಸಲ ಬೀಸಿಕೊಡಿ ಅಕ್ಕ’ ಅಂದರೆ
ನಾನು ಮೋಟಾರು ಆರಿಸುವುದಿಲ್ಲ.
ಬೆಲ್ಟು ಓಡಲಿ.
ಎದುರಿಗೆ ಬೈಕಿನ ಮೇಲೆ ಕೂತವನಿಗೆ
ಬೆಲ್ಟಿನ ಸದ್ದಷ್ಟೇ ಸಾಕು.

ಈ ಮಾತು ಹೊಳೆದದ್ದು ನನಗಲ್ಲ, ಎಸ್ತರ್‌ಗೆ.
ಸಾಂತ್ವನ ಕೇಂದ್ರದಿಂದ ಪೋಸ್ಟರು ಅಂಟಿಸಲು ಬಂದವಳು.
ನಂಬರು ದೊಡ್ಡದಾಗಿ, ಪಕ್ಕದಲ್ಲಿ ಅಳುವ ಹೆಂಗಸು.
‘ಫೋನು ಅವನ ಜೇಬಲ್ಲಿರುತ್ತೆ ಕಣಮ್ಮ,
ನಂಬರು ಯಾವುದರಲ್ಲಿ ಒತ್ತಬೇಕು?’ ಅಂದೆ.
ಪೋಸ್ಟರು ಸುತ್ತಿಟ್ಟು ಮೂಟೆಯ ಮೇಲೆ ಕೂತಳು.
ಸಂಜೆಯವರೆಗೂ ಕೂತಳು.
ಯಾರು ಯಾರ ಜೊತೆ ಬರುತ್ತಾರೆ,
ಯಾರನ್ನು ಎಲ್ಲಿಗೆ ಮಾತ್ರ ಒಬ್ಬಳೇ ಬಿಡುತ್ತಾರೆ, ನೋಡಿದಳು.
ಮಿಲ್ಲಿಗೆ ಬಿಡುತ್ತಾರೆ. ಹಿಟ್ಟು ಬೇಕಲ್ಲ.

ಅವಳಿಗೆ ನಾನು ವನಮಾಲಾಳ ವಿಷಯ ಹೇಳಲಿಲ್ಲ.
ಅದರ ಹಿಂದಿನ ವರ್ಷ, ವಾರಕ್ಕೆ ಮೂರು ಸಲ
ಅರ್ಧರ್ಧ ಕೇಜಿ ಹಿಡಿದು ಬರುತ್ತಿದ್ದಳು,
ಬೀಸಿಯಾದ ಮೇಲೂ ನಿಂತೇ ಇರುತ್ತಿದ್ದಳು.
‘ಇಷ್ಟಿಷ್ಟಕ್ಕೆ ಮಿಷನ್ ಓಡಿಸಕ್ಕಾಗಲ್ಲ, ಒಟ್ಟಿಗೆ ತಾ’
ಅಂತ ಎಲ್ಲರೆದುರು ಗದರಿದೆ.
ಒಟ್ಟಿಗೆ ತರಲಿಲ್ಲ. ಬರಲೇ ಇಲ್ಲ.
ಮನೆ ಬಾಡಿಗೆಗಿದೆ ಅಂತ ಬೋರ್ಡು ತೂಗಿತು.
ಮುಳ್ಳು ಅರ್ಧ ಕೇಜಿಯಲ್ಲಿ ನಿಂತರೆ
ಈಗಲೂ ಬೇರೆ ಕಡೆ ನೋಡುತ್ತೇನೆ.

ಒಳಗೆ, ಗೋಧಿ ಮೂಟೆಗಳ ಹಿಂದೆ, ಗೂಡಿನಲ್ಲಿ ಕವರುಗಳಿವೆ.
ಹೆಸರು ಬರೆಯುವುದಿಲ್ಲ. ಹುರುಳಿ, ನವಣೆ, ಸಜ್ಜೆ.
ನವಣೆಯಲ್ಲಿ ರೇಷನ್ ಕಾರ್ಡು, ಮಗುವಿನ ಚುಚ್ಚುಮದ್ದಿನ ಚೀಟಿ.
ಹುರುಳಿಯಲ್ಲಿ ಎರಡು ಜೊತೆ ಬಟ್ಟೆ, ಗಾರ್ಮೆಂಟ್ಸಿನ ಪಿಎಫ್ ಕಾಗದ,
ಯಾಕೋ ಒಂದು ಇಂಚುಪಟ್ಟಿ.
ಹುರುಳಿ ಎರಡು ಸಲ ಹೊರಟಳು,
ಎರಡು ಸಲವೂ ಅವನ ಮನೆಗೇ ಮರಳಿದಳು.
‘ಈಗ ಕುಡಿಯೋದು ಬಿಟ್ಟಿದಾನಕ್ಕ.’
ನನಗೆ ಉರಿಯಿತು. ಎಸ್ತರ್ ಅಂದಳು:
ಬೈಬೇಡಿ. ಕವರಿನ ಜಾಗ ಹಾಗೇ ಇರಲಿ.

ಆಷಾಢದ ಒಂದು ಶನಿವಾರ ಸಜ್ಜೆ ಬಾಯಿ ತೆರೆದಳು.
ಅದೇ ಹೊತ್ತಿಗೆ ಕರೆಂಟು ಹೋಯಿತು.
‘ಎರಡು ಸಲ’ ಎಂಬುದು
ಬೀದಿಯ ಆಚೆವರೆಗೆ ಒಂಟಿಯಾಗಿ ಕೇಳಿಸಿತು.
ಬೈಕಿನವನು ತಲೆ ಎತ್ತಿದ.
ನನ್ನ ನಾಲಗೆ ಒಣಗಿತು.

ಸಾಲಿನಲ್ಲಿದ್ದ ಜುಬೇದಾ ಡಬ್ಬಿ ಕುಕ್ಕಿ
‘ನನಗೂ ಎರಡು ಸಲ’ ಅಂದಳು.
ಹಿಂದಿನವಳು, ‘ನಂದೂನೂ.’
ಕೆಂಚಮ್ಮಜ್ಜಿಗೆ ಇದೊಂದೂ ಗೊತ್ತಿಲ್ಲ.
ಎಲ್ಲರೂ ಕೇಳುವುದು ಒಳ್ಳೆಯದೇ ಇರಬೇಕೆಂದು
‘ಹಂಗಾದ್ರೆ ನಂಗೂ ಹಾಕವ್ವ, ಹಲ್ಲಿಲ್ಲ’ ಅಂದಳು.
ಅವನು ಮತ್ತೆ ಫೋನು ನೋಡತೊಡಗಿದ.

ಕರೆಂಟು ಬಂತು. ಸದ್ದು ಬಂತು.
ಹಿಂಬಾಗಿಲು ತೆರೆದರೆ ಮೋರಿ ಪಕ್ಕದ ಸಂದಿ,
ಸಂದಿಯ ಕೊನೆಗೆ ಮಸ್ತಾನನ ಆಟೋ, ಮೀಟರು ಹಾಕದೆ.
ಸಜ್ಜೆಯ ಕವರು ಸಜ್ಜೆಯ ಕಂಕುಳಲ್ಲಿ.
ಕಟ್ಟೆಯ ಮೇಲೆ ಅವಳ ಸ್ಟೀಲು ಡಬ್ಬಿ ಮಾತ್ರ.

ಮುಕ್ಕಾಲು ಗಂಟೆ ಕಾದು ಬಂದ.
‘ಎಲ್ಲಿ?’
‘ಎರಡು ಸಲ ಅಂದ್ರೆ ಲೇಟಾಗುತ್ತಪ್ಪ.’
ಮುಚ್ಚಳ ತೆಗೆದು ಒಳಗೆ ಇಣುಕಿದ,
ಅಲ್ಲಿ ಇದ್ದಾಳೇನೋ ಎಂಬಂತೆ.
ಮೂಗಿನ ತುದಿಗೆ ಹಿಟ್ಟು.
ಆಮೇಲೆ ಅವನು ಅಂದದ್ದನ್ನೆಲ್ಲ ಬರೆಯುವುದಿಲ್ಲ.
ಒಂದು ಗಾಜು ಹೋಯಿತು.

ಮರುದಿನ ಬೆಳಗ್ಗೆ, ಬಾಗಿಲು ಪೂರ್ತಿ ಎತ್ತುವ ಮೊದಲೇ
ಕೆಂಚಮ್ಮಜ್ಜಿ ಹಾಜರು.
‘ಏನೇ ಇದು, ಕೈಯಿಂದ ಬಿಡಂಗಿಲ್ಲ!
ಪೋಸ್ಟರು ಅಂಟಿಸಕ್ಕೆ ಚೆನ್ನಾಗಿದೆ.
ಕೊಡು ನನ್ನ ದುಡ್ಡು.’
ಗಾಜಿನ ಚೂರು ಗುಡಿಸುತ್ತಿದ್ದವಳು ಎದ್ದು
ಹದಿನೈದು ರೂಪಾಯಿ ಎಣಿಸಿಕೊಟ್ಟೆ.